ಗೇರ್ ಲಿವರೇ ಕಿಕ್ಕರ್

14 ಜುಲೈ 2024, ಭಾನುವಾರ
ಬಸವನಗುಡಿ

ಬೆಳಿಗ್ಗೆ ಐದಕ್ಕೇ ಅಪ್ಪ ಗೇಟಿನ ಹತ್ತಿರ ಯೆಜ್ಡಿ ಬೈಕ್ ಒರೆಸುತ್ತಾ ನಿಂತಿದ್ದರು. ಜುಲೈ ಎರಡನೇ ಭಾನುವಾರ ಅಂದ್ರೆ ಜಾವಾ-ಯೆಜ್ಡಿ ಇಟ್ಟುಕೊಂಡವರಿಗೆ ಹಬ್ಬ. ಬೇರೆಯವರು ದೊಡ್ಡ ಗುಂಪು ಕಟ್ಟಿಕೊಂಡು ಹೋಗ್ತಾರೆ. ನಮ್ಮದು ಮೂರೇ ಗಾಡಿ: ಅಪ್ಪನ 1983ರ ಯೆಜ್ಡಿ ರೋಡ್‌ಕಿಂಗ್, ಚಿಕ್ಕಪ್ಪನ ಯಮಹಾ ಆರ್‌ಎಕ್ಸ್ 100, ನನ್ನ ಮೂರು ವರ್ಷದ ಬುಲೆಟ್. ನಂದಿ ಬೆಟ್ಟಕ್ಕೆ ಹೋಗಿ ಬರೋದು, ಅಷ್ಟೇ. ಅಪ್ಪನಿಗೆ ಮಂಡಿ ನೋವು, ಹಾಗಾಗಿ ಯೆಜ್ಡಿ ನನ್ನ ಕೈಗೆ ಬಂತು, ಅವರು ಹಿಂದೆ ಕೂತರು. ಬುಲೆಟ್ ಚಿಕ್ಕಪ್ಪನ ಮಗ ತಗೊಂಡ.

ಯೆಜ್ಡಿಗೆ ಕಿಕ್ ಹೊಡೆಯೋದನ್ನು ಗೊತ್ತಿಲ್ಲದವರು ಒಂದು ಸಲ ನೋಡಬೇಕು. ಎಡಗಡೆ ಒಂದೇ ಲಿವರ್. ಅದನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಸ್ಟಾರ್ಟ್ ಆದಮೇಲೆ ಕೆಳಗೆ ಬಿಟ್ಟರೆ ಅದೇ ಗೇರ್. ಮೂರನೇ ಕಿಕ್ಕಿಗೆ ಹತ್ತಿಕೊಂಡು ಅವಳಿ ಸೈಲೆನ್ಸರಿಂದ ನೀಲಿ ಹೊಗೆ ಬಂದಾಗ ಎದುರು ಮನೆ ಅಜ್ಜಿ ಕಿಟಕಿ ಹಾಕಿಕೊಂಡರು. ಪಾಪ, 40 ವರ್ಷದಿಂದ ಹಾಕಿಕೊಳ್ತಾನೇ ಇದ್ದಾರೆ.

ಬಂಕಿನಲ್ಲಿ ಇನ್ನೊಂದು ಪೂಜೆ. ಲೀಟರಿಗೆ 40 ಎಂಎಲ್ ಲೆಕ್ಕದಲ್ಲಿ ಆಯಿಲ್ ಹಾಕಿ, ಪೆಟ್ರೋಲ್ ತುಂಬಿಸಿ, ಎರಡೂ ಬೆರೆಯಲಿ ಅಂತ ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸಬೇಕು. ಚಿಕ್ಕಪ್ಪ ಪಕ್ಕದಲ್ಲಿ ನಿಂತು ನಗುತ್ತಿದ್ದರು. ಅವರ ಆರ್‌ಎಕ್ಸ್ ಕೂಡ ಟೂ-ಸ್ಟ್ರೋಕೇ, ಅಂದ್ರೆ ಪೆಟ್ರೋಲ್ ಜೊತೆ ಆಯಿಲ್ಲೂ ಸುಡೋ ಇಂಜಿನ್ನೇ, ಆದರೆ ಆಯಿಲ್ಲಿಗೆ ಬೇರೆ ಟ್ಯಾಂಕ್ ಇದೆ, ಪಂಪು ತಾನೇ ಎಷ್ಟು ಬೇಕೋ ಅಷ್ಟು ಕೊಡುತ್ತೆ.

ದೇವನಹಳ್ಳಿ ಹತ್ತಿರ ಇಡ್ಲಿ ತಿನ್ನುವಾಗ ಶುರುವಾಯ್ತು ನೋಡಿ ಪ್ರತಿ ವರ್ಷದ ಜಗಳ. ಯಾವ ಕಂಪನಿ ದೊಡ್ಡದು? ಅಪ್ಪನಿಗೆ ಮೈಸೂರು ಬಿಟ್ಟು ಬೇರೆ ಊರಿಲ್ಲ. 1961ರಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ಗಾಡಿ ತಯಾರಾಗ್ತಿತ್ತು ಅನ್ನೋದು ಅವರಿಗೆ ಮನೆತನದ ಹೆಮ್ಮೆ ಇದ್ದಹಾಗೆ. ಜಾವಾ ಹುಟ್ಟಿದ್ದು ಚೆಕ್ ದೇಶದಲ್ಲಿ ಕಣಪ್ಪಾ ಅಂದ್ರೆ, "ಹುಟ್ಟಿದ್ದು ಎಲ್ಲಾದ್ರೂ ಆಗಲಿ, ಬೆಳೆದಿದ್ದು ಇಲ್ಲಿ" ಅಂತಾರೆ. ಚಿಕ್ಕಪ್ಪ ಒಂದೇ ಮಾತು: 98 ಸಿಸಿ, 11 ಅಶ್ವಶಕ್ತಿ, ನೂರು ಕೆಜಿ ಆಸುಪಾಸು ತೂಕ. 1985ರಲ್ಲಿ ಸಿಗ್ನಲ್ಲಿಂದ ಮೊದಲು ಹೊರಡೋದು ಅಂದ್ರೆ ಏನು ಅಂತ ಹುಡುಗರಿಗೆ ತೋರಿಸಿದ್ದೇ ಅದು ಅಂತ.

ನಾನು ಹೋಂಡಾ ಅಂದೆ. ಇಬ್ಬರೂ ಚಟ್ನಿ ಕಡೆ ನೋಡಿದರು.

ಸುಮ್ನೆ ಅಂದಿದ್ದಲ್ಲ. 1958ರಲ್ಲಿ ಸೂಪರ್ ಕಬ್ ಅನ್ನೋ ಪುಟ್ಟ ಬೈಕ್ ತಂದು, ಗಾಡಿ ಓಡಿಸೋಕೆ ಮೆಕ್ಯಾನಿಕ್ ಬುದ್ಧಿ ಬೇಕಿಲ್ಲ ಅಂತ ಮಾಡಿದ್ದು ಅವರು. 1969ರ ಸಿಬಿ 750ಗೆ ಮುಂದೆ ಡಿಸ್ಕ್ ಬ್ರೇಕ್ ಕೊಟ್ಟು ಅದು ಮಾಮೂಲಿ ಜನರ ಗಾಡಿಗೂ ಬರೋಕೆ ದಾರಿ ಮಾಡಿದ್ದು ಅವರು. ಇಲ್ಲಿ 1985ರಲ್ಲಿ ಹೀರೋ ಜೊತೆ ಸೇರಿ ಸಿಡಿ 100 ಬಿಟ್ಟಾಗ, ಪೆಟ್ರೋಲ್ ತುಂಬಿಸಿ ಮುಚ್ಚಳ ಹಾಕಿ ಮರೆತುಬಿಡಿ ಅಂತಿದ್ದ ಜಾಹೀರಾತು ಅಪ್ಪನಿಗೂ ನೆನಪಿದೆ. ಆದರೆ ಮರೆತುಬಿಡೋ ಗಾಡಿ ಬಗ್ಗೆ ಇಡ್ಲಿ ಮುಂದೆ ಕೂತು ಯಾರು ಜಂಬ ಕೊಚ್ಚಿಕೊಳ್ತಾರೆ, ಅಲ್ವಾ?

ಬುಲೆಟ್ಟಿನ ಪರ ಮಾತಾಡಿದ್ದು ಚಿಕ್ಕಪ್ಪನ ಮಗ ಮಾತ್ರ, ಅದೂ ಶಬ್ದದ ಬಗ್ಗೆ. ಸೋದರಮಾವನ ಹತ್ತಿರ ಹಳೇ ಬುಲೆಟ್ ಇತ್ತು, ಅದಕ್ಕೆ ಗೇರ್ ಬಲಗಡೆ, ಬ್ರೇಕ್ ಎಡಗಡೆ. ಮೆಲ್ಲಗೆ ಕಿಕ್ ಒತ್ತುತ್ತಾ ಹೆಡ್‌ಲೈಟ್ ಮೇಲಿನ ಆಮ್ಮೀಟರ್ (ಕರೆಂಟ್ ತೋರಿಸೋ ಮೀಟರ್) ಮುಳ್ಳು ಮಧ್ಯಕ್ಕೆ ಬಂದಾಗ ಇಂಜಿನ್ ಒಳಗಿನ ಒತ್ತಡ ಬಿಡೋ ಡಿಕಂಪ್ರೆಸರ್ ಎಳೆದು, ಆಮೇಲೆ ಪೂರ್ತಿ ಕಿಕ್. ಕಾಲೇಜಲ್ಲಿದ್ದಾಗ ಅದನ್ನು ತಗೊಂಡು ಹೋಗಿ, ಬ್ರೇಕ್ ಅಂದುಕೊಂಡು ಗೇರ್ ಒತ್ತಿ, ಅವರ ಮನೆ ಕಾಂಪೌಂಡಿಗೇ ಗುದ್ದಿದ್ದೆ. ತಪ್ಪು ನನ್ನ ಕಾಲಿನದು.

ನಂದಿಯ ಮೇಲೆ ಜಾತ್ರೆ, ಮಂಜು ಅರ್ಧ ಗಂಟೆ. ಇಳಿಯುವಾಗ ನಾನು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಲ್ಲೇ ಜಾರಿಸಿಕೊಂಡು ಬರ್ತಿದ್ದೆ. ಎರಡನೇ ತಿರುವಿಗೇ ಅಪ್ಪ ಹೆಗಲಿಗೆ ತಟ್ಟಿದರು. "ಕೊಡ್ತಾ ಇರೋ, ಒಣಗುತ್ತೆ." ಏನು ಅಂತ ಆಮೇಲೆ ಅರ್ಥ ಆಯ್ತು. ಆಯಿಲ್ ಬರೋದೇ ಪೆಟ್ರೋಲ್ ಜೊತೆ. ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲ್ ಇಲ್ಲ, ಆಯಿಲ್ಲೂ ಇಲ್ಲ, ಇಂಜಿನ್ ಮಾತ್ರ ಚಕ್ರದ ಜೊತೆ ಜೋರಾಗಿ ತಿರುಗ್ತಾ ಇರುತ್ತೆ, ಹೀಗೇ ಉದ್ದಕ್ಕೆ ಬಂದರೆ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಹಾಗಾಗಿ ಬ್ರೇಕ್ ಹಿಡಿದುಕೊಂಡೇ ನಡುನಡುವೆ ಕ್ಲಚ್ ಒತ್ತಿ ಒಂದು ಸಲ ರ‍್ರುಮ್ ಅನ್ನಿಸಬೇಕು. ಬೆಟ್ಟ ಇಳಿಯುವ ಹಳೇ ಯೆಜ್ಡಿಗಳು ಆಗಾಗ ಗುಟುರು ಹಾಕೋದು ಶೋಕಿಗೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ!

ನನ್ನ ಬುಲೆಟ್ಟಲ್ಲಿ ಇದ್ಯಾವುದನ್ನೂ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಹೋದ ತಿಂಗಳು ಮಳೆಯಲ್ಲಿ ಅಂಡರ್‌ಪಾಸ್ ಒಳಗೆ ಆಟೋ ತಟಕ್ಕನೆ ನಿಂತಾಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದುಬಿಟ್ಟೆ, ಲಿವರ್ ಬೆರಳಿನ ಕೆಳಗೆ ಟಕಟಕ ಅಂತು, ಗಾಡಿ ನೆಟ್ಟಗೆ ನಿಂತಿತು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳೋ ಎಬಿಎಸ್ ಅದು. ಬೈಕಿಗೆ ಅದನ್ನು ಮೊದಲು ಕೊಟ್ಟಿದ್ದು ಬಿಎಂಡಬ್ಲ್ಯೂ, 1988ರಲ್ಲಿ, ಕೆ100 ಮೇಲೆ. ನಮ್ಮಲ್ಲಿ 125 ಸಿಸಿಗಿಂತ ದೊಡ್ಡ ಗಾಡಿಗೆ ಕಡ್ಡಾಯ ಆಗೋಕೆ 2019 ಬರಬೇಕಾಯ್ತು. ಇದನ್ನು ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಎಬಿಎಸ್ ವಿಷಯ ಬಿಟ್ಟು, ಅಂಡರ್‌ಪಾಸಲ್ಲಿ ಯಾಕೆ ಜೋರಾಗಿ ಹೋದೆ ಅಂತ ಶುರು ಮಾಡ್ತಾರೆ.

ಮನೆಗೆ ಬಂದಮೇಲೆ ಅಪ್ಪ, ನೋವು ಕಡಿಮೆ ಇದೆ, ನಿನ್ನದು ಒಂದು ರೌಂಡ್ ಕೊಡು ಅಂದರು. ಬುಲೆಟ್ ಮೇಲೆ ಕೂತವರ ಕೈ ತಾನಾಗೇ ಟ್ಯಾಂಕಿನ ಕೆಳಗೆ ಹೋಗಿ ತಡಕಾಡಿತು.

"ಪೆಟ್ರೋಲ್ ಟ್ಯಾಪ್ ಇಲ್ಲಪ್ಪ ಇದಕ್ಕೆ."

"ಮತ್ತೆ ರಿಸರ್ವ್‌ಗೆ ಹೇಗೆ ಹಾಕ್ತೀಯ?"

"ಮೀಟರಲ್ಲಿ ದೀಪ ಹತ್ತುತ್ತೆ."

ಹೂಂ ಅಂದು ಬಟನ್ ಒತ್ತಿ ಹೋದರು. ಗಾಂಧಿ ಬಜಾರ್ ಸುತ್ತಿ ಹತ್ತು ನಿಮಿಷಕ್ಕೆ ವಾಪಸ್. ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ನನ್ನ ಕೈಗೆ ಕೊಟ್ಟು, ಬಗ್ಗಿ ಟ್ಯಾಂಕಿನ ಕೆಳಗೆ ಇನ್ನೊಂದು ಸಲ ನೋಡಿದರು.