ಮೋಲ್ಡ್ ದಿನ, ಮಿಕ್ಸರ್ ಪಕ್ಕದಲ್ಲಿ

ಸೈಟಿನಲ್ಲಿ ಅಪ್ರೆಂಟಿಸ್ ಅಂದರೆ ಯಾವ ಲೆಕ್ಕಕ್ಕೂ ಸೇರದ ಜೀವ. ಇಂಜಿನಿಯರ್ ಅಲ್ಲ, ಸೂಪರ್‌ವೈಸರ್ ಅಲ್ಲ, ಕೂಲಿಯವರೂ ಅಲ್ಲ. ಡಿಪ್ಲೊಮಾ ಸಿವಿಲ್ ಮುಗಿಸಿ ಮೈಸೂರಿನ ಹೊರಗೆ ಒಂದು ಹಾಸ್ಟೆಲ್ ಕಟ್ಟಡದ ಕೆಲಸಕ್ಕೆ ಸೇರಿದಾಗ ನನಗೆ ತಿಂಗಳಿಗೆ 8,000 ರೂಪಾಯಿ ಸ್ಟೈಪೆಂಡ್. ಡಿಪ್ಲೊಮಾದವರಿಗೆ ಆಗ ಕೊಡಲೇಬೇಕಾದ ಕನಿಷ್ಠ ಮೊತ್ತ ಅದು. ಅರ್ಧ ಕಂಪನಿಯದು, ಅರ್ಧ ಕೇಂದ್ರ ಸರ್ಕಾರದ್ದು. "ಅಷ್ಟು ಓದಿ ಎಂಟು ಸಾವಿರಾನಾ? ಗಾರೆ ಕೆಲಸದವರು ಹತ್ತು ದಿನಕ್ಕೆ ತಗೋತಾರೆ ಕಣವ್ವ ಅದನ್ನ" ಅಂತ ಕೆ.ಆರ್. ಪೇಟೆಯಿಂದ ಸೋದರಮಾವ ಫೋನಿನಲ್ಲೇ ನಕ್ಕಿದ್ದರು. ಮಾವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಅಪ್ರೆಂಟಿಸ್ ಕಾಯ್ದೆ ಬಂದಿದ್ದು 1961ರಲ್ಲಿ. ಮೊದಲು ಅದು ಫಿಟ್ಟರ್, ವೆಲ್ಡರ್ ಥರದ ಟ್ರೇಡ್‌ಗಳಿಗೆ ಮಾತ್ರ ಇತ್ತು. 1973ರ ತಿದ್ದುಪಡಿಯಲ್ಲಿ ಡಿಗ್ರಿ, ಡಿಪ್ಲೊಮಾದವರನ್ನೂ ಸೇರಿಸಿಕೊಂಡರು. ನಮಗೆ ಒಂದು ವರ್ಷದ ತರಬೇತಿ. ನಮ್ಮ ಕಾಗದಪತ್ರ ನೋಡುವ ಮಂಡಳಿ ಚೆನ್ನೈನಲ್ಲಿದೆ. ಕಾಗದದಲ್ಲಿ ಎಲ್ಲ ಅಚ್ಚುಕಟ್ಟು. ಆದರೆ ಸೈಟಿಗೆ ಕಾಲಿಟ್ಟ ದಿನ ನನಗೇನು ಕಲಿಸಬೇಕು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಸುಮ್ನೆ ನೋಡ್ತಾ ಇರಿ" ಅಂದರು ಸೈಟ್ ಇಂಜಿನಿಯರ್.

ನೋಡಿದೆ. ಕಂಬಿ ಲಾರಿ ಬಂದಾಗ ಲೆಕ್ಕ ಬರೆದುಕೊಂಡೆ. ಮಿಲಿಮೀಟರ್ ಲೆಕ್ಕದ ಕಂಬಿಯ ದಪ್ಪವನ್ನು ಅದೇ ಸಂಖ್ಯೆಯಿಂದ ಗುಣಿಸಿ, 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ ಅಂತ ಕಾಲೇಜಿನಲ್ಲಿ ಓದಿದ್ದೆ. 12 ಎಂಎಂ ಕಂಬಿ 12 ಮೀಟರ್ ಇದ್ದರೆ ಹತ್ತೂವರೆ ಕೆಜಿಗೆ ಸ್ವಲ್ಪ ಮೇಲೆ. ಕಂಬಿ ಬಗ್ಗಿಸಿ ಕಟ್ಟುವ ನಮ್ಮ ಬಾರ್ ಬೆಂಡರ್ ಬಂಗಾಳದವರು. ಅವರು ಕಂಬಿಯ ಒಂದು ತುದಿ ಎತ್ತಿ ನೋಡಿಯೇ "ಕಮ್ ಹೈ" ಅನ್ನುತ್ತಿದ್ದರು. ತೂಕ ಹಾಕಿಸಿದರೆ ಕಮ್ಮಿಯೇ ಇರುತ್ತಿತ್ತು. ಸ್ಲ್ಯಾಬಿನ ಕಂಬಿ ಕೆಳಗೆ, ಅದನ್ನು ಹಲಗೆಯಿಂದ ಮೇಲೆ ಎತ್ತಿ ಹಿಡಿಯುವ 20 ಎಂಎಂ ಕವರ್ ಬ್ಲಾಕ್ ಸರಿಯಾಗಿ ಕೂತಿದೆಯಾ ಅಂತ ಮಂಡಿಯೂರಿ ನೋಡುವ ಕೆಲಸ ನಿಧಾನಕ್ಕೆ ನನ್ನ ಪಾಲಿಗೆ ಬಂತು. ಶೌಚಾಲಯ ಇರಲಿಲ್ಲ. ಪಕ್ಕದ ಮನೆ ಅಜ್ಜಿಯನ್ನು ಕೇಳಿಕೊಂಡು, ಬಾಂಡ್ಲಿ ಹೊರುವ ಹೆಂಗಸರ ಜೊತೆ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಸೈಟಿಗೆ ಅಪ್ರೆಂಟಿಸ್ ಕಳಿಸೋ ಮೊದಲು ಇದನ್ನೊಂದು ಯಾರಾದರೂ ಬಂದು ನೋಡಿದ್ದರೆ ಚೆನ್ನಾಗಿತ್ತು.

ಆಮೇಲೆ ಮೊದಲ ಮಹಡಿಯ ಮೋಲ್ಡ್ ದಿನ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನ ಬಂತು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಬೆಳಿಗ್ಗೆ ಮಿಕ್ಸರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ಗ್ಯಾಂಗ್ ಯಾದಗಿರಿ ಕಡೆಯದು. ಮೇಸ್ತ್ರಿಗೆ ಐವತ್ತರ ಆಸುಪಾಸು. ಇಂಜಿನಿಯರ್ ಮೇಲೆ ಸ್ಲ್ಯಾಬಿನಲ್ಲಿದ್ದರು. ನನ್ನನ್ನು ಕೆಳಗೆ ಮಿಕ್ಸರ್ ಹತ್ತಿರ ನಿಲ್ಲಿಸಿ ಒಂದೇ ಮಾತು ಹೇಳಿದರು: "ನೀರು ನೋಡ್ಕೊಳ್ಳಿ."

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಿಮೆಂಟ್ ಗಟ್ಟಿಯಾಗೋಕೆ ನಿಜವಾಗಿ ಬೇಕಾಗೋದು ಅದರ ತೂಕದ ಕಾಲು ಭಾಗದಷ್ಟು ನೀರು. ಮಿಕ್ಕಿದ್ದು ಕಲಸೋಕೆ, ಎಳೆಯೋಕೆ ಅನುಕೂಲ ಆಗಲಿ ಅಂತ. ಆ ಹೆಚ್ಚುವರಿ ನೀರು ಆಮೇಲೆ ಒಣಗಿ ಹೋಗುತ್ತೆ, ಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತೆ. ತೂತು ಜಾಸ್ತಿಯಾದಷ್ಟೂ ಬಲ ಕಮ್ಮಿ. ನಮ್ಮದು ಎಂ20 ಅನ್ನೋ ಬಲದ ದರ್ಜೆಯ ಕಾಂಕ್ರೀಟ್, ಒಂದು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. 50 ಕೆಜಿ ಮೂಟೆಗೆ 25 ಲೀಟರ್ ನೀರು ಅಂತ ಇಂಜಿನಿಯರ್ ಗೊತ್ತು ಮಾಡಿದ್ದರು. ನಮ್ಮ ಮರಳು ಎಂ ಸ್ಯಾಂಡ್, ಕಲ್ಲು ಪುಡಿ ಮಾಡಿದ್ದು; ರಾತ್ರಿಯೆಲ್ಲ ನೆನೆದಿತ್ತಲ್ವಾ, ಅದರಲ್ಲೇ ಇರುವ ನೀರಿಗೆ ಮೂರು ಲೀಟರ್ ಕಳೆದರು. ಹಳೆಯ ಪೇಂಟ್ ಬಕೆಟ್ಟಿಗೆ ಮಾರ್ಕರಿನಿಂದ ಗೆರೆ ಎಳೆದು ಕೊಟ್ಟೆ. ಮಿಕ್ಸರ್ ಹುಡುಗ ಅದನ್ನು ನೋಡಿ ನಕ್ಕ, ಆದರೆ ಬಕೆಟ್ಟಿನಲ್ಲೇ ಹಾಕಿದ.

ತಿಂಡಿ ಹೊತ್ತಿನವರೆಗೆ ಎಲ್ಲ ಸರಿಯಾಗಿತ್ತು. ತಿಂಡಿ ಮುಗಿದ ಮೇಲೆ ಬಕೆಟ್ ಮಾಯ. ಪೈಪನ್ನೇ ಡ್ರಮ್ಮಿನೊಳಗೆ ಬಿಟ್ಟಿದ್ದರು. ಕಲಸಿದ ಮಾಲು ಎಷ್ಟು ನೀರಾಗಿದೆ ಅಂತ ನೋಡುವ ಲೋಹದ ಶಂಕು, ಸ್ಲಂಪ್ ಕೋನ್, ತಂದು ತುಂಬಿ, ಪ್ರತಿ ಪದರಕ್ಕೂ 25 ಸಲ ಕುಟ್ಟಿ, ಕೋನ್ ಮೇಲಕ್ಕೆತ್ತಿದೆ. ಬೆಳಿಗ್ಗೆ ಹೀಗೇ ಎತ್ತಿದಾಗ ಗುಡ್ಡೆ ಒಂದು ಗೇಣಿಗಿಂತ ಎತ್ತರಕ್ಕೆ ನಿಂತಿತ್ತು. ಈಗ ರಾಗಿ ಅಂಬಲಿ ಥರ ತಗಡಿನ ತುಂಬ ಹರಡಿಕೊಂಡಿತು.

"ಮೇಸ್ತ್ರಿ, ಇದನ್ನ ಮೇಲೆ ಕಳಿಸೋದು ಬೇಡ" ಅಂದೆ. ಅವರು ಬಂದು ಒಂದು ಸಲ ತಗಡು ನೋಡಿದರು, ಒಂದು ಸಲ ನನ್ನನ್ನು.

"ಇದು ನನಗ ಗೊತ್ತಿಲ್ಲೇನ್ರಿ ಮೇಡಮ್ಮಾರ? ನನ್ನ ಮನಿ ಮೋಲ್ಡಿಗೆ ನಾನು ಇಷ್ಟು ನೀರು ಬಿಡ್ತೀನೇನು? ನಿಮ್ಮವ್ರು ಮಾತಾಡಿದ ರೊಕ್ಕಕ್ಕ ಹದಿನೆಂಟು ಮಂದಿ ಬರ್ತಾರ. ನೀವು ಹೇಳೋ ಮಾಲು ಎಳೀಬೇಕಂದ್ರ ಇಪ್ಪತ್ತೆರಡು ಮಂದಿ ಬೇಕು. ಆ ನಾಲ್ಕು ಮಂದೀ ಕೆಲಸ ಈಗ ನೀರು ಮಾಡಾಕತ್ತದ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲೇಜಿನಲ್ಲಿ ನೀರು ಹೆಚ್ಚಾದರೆ ಬಲ ಕಮ್ಮಿ ಅಂತ ಗ್ರಾಫ್ ಬರೆಸಿದ್ದರು. ನೀರು ಯಾಕೆ ಹೆಚ್ಚಾಗುತ್ತೆ ಅಂತ ಯಾರೂ ಹೇಳಿರಲಿಲ್ಲ. ಕೆಲಸಗಾರರಿಗೆ ತಿಳುವಳಿಕೆ ಇಲ್ಲ ಅನ್ನೋದು ನಮ್ಮಂಥ ಓದಿದವರು ಬೇಗ ಹೇಳಿಬಿಡುವ ಮಾತು. ಇಲ್ಲಿ ತಿಳುವಳಿಕೆಗೆ ಏನೂ ಕೊರತೆ ಇರಲಿಲ್ಲ. ದಿನಗೂಲಿ ಅಲ್ಲ, ಇಡೀ ಮೋಲ್ಡಿಗೆ ಇಷ್ಟು ಅಂತ ಗುತ್ತಿಗೆ. ಬೇಗ ಮುಗಿದಷ್ಟೂ ಅವರಿಗೆ ಉಳಿತಾಯ. ಆ ಕಾಂಕ್ರೀಟ್ ಎಷ್ಟು ನೀರಾಗಿರಬೇಕು ಅನ್ನೋದು ರೇಟ್ ಚೌಕಾಸಿ ಮಾಡಿದ ದಿನವೇ ಹೆಚ್ಚು ಕಡಿಮೆ ತೀರ್ಮಾನ ಆಗಿಹೋಗಿತ್ತು.

ಮಿಕ್ಸರ್ ಜಾಸ್ತಿ ಹೊತ್ತು ನಿಲ್ಲಿಸುವ ಹಾಗೂ ಇರಲಿಲ್ಲ. ಮೇಲೆ ಹಾಕಿದ ಮಾಲು ಬಿಗಿದುಕೊಂಡರೆ ಅದರ ಪಕ್ಕಕ್ಕೆ ಹಾಕುವ ಹೊಸದು ಒಂದಾಗಲ್ಲ, ಆ ಗೆರೆಯಲ್ಲೇ ಆಮೇಲೆ ಸೋರುತ್ತೆ. ಮೆಟ್ಟಿಲು ಹತ್ತಿ ಓಡಿ ಇಂಜಿನಿಯರಿಗೆ ಮೇಸ್ತ್ರಿ ಹೇಳಿದ್ದನ್ನು ಹಾಗೇ ಹೇಳಿದೆ. ದೂರು ಹೇಳೋಕೆ ಬಂದಳು ಅಂದುಕೊಂಡಿದ್ದರೋ ಏನೋ, ಹುಬ್ಬು ಗಂಟು ಹಾಕಿಕೊಂಡೇ ಕೇಳಿದರು. "ನಾಲ್ಕು ಜನ ಸಾಕಂತಾ?" ಅಂದರು. ಆಫೀಸಿಗೆ ಫೋನ್ ಹೋಯಿತು. ಆ ಕಡೆಯಿಂದ ಬೈಗುಳ ಬಂದಿದ್ದು ನನಗೂ ಕೇಳಿಸಿತು. ಕೊನೆಗೆ ಗಾರೆಯವರ ಹೆಲ್ಪರ್‌ಗಳಲ್ಲಿ ನಾಲ್ವರನ್ನು ಆ ದಿನದ ಕೂಲಿಗೆ ಇತ್ತ ಎಳೆದುಕೊಂಡರು. ನೀರಾದ ಮಾಲನ್ನು ಪಾರ್ಕಿಂಗ್ ನೆಲದ ಬೆಡ್ಡಿಗೆ ಸುರಿಸಿದರು.

ನಾಲ್ವರಲ್ಲಿ ಇಬ್ಬರನ್ನು ವೈಬ್ರೇಟರಿಗೆ ಹಾಕಿದ್ದು ಮೇಸ್ತ್ರಿಯದೇ ಲೆಕ್ಕ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ಆ ಯಂತ್ರ ಅಲ್ಲಿಯವರೆಗೆ ಮೂಲೆಯಲ್ಲಿ ಬಿದ್ದಿತ್ತು. ಒಬ್ಬ ಇಂಜಿನ್ ಹೊತ್ತು ತಿರುಗಬೇಕು, ಇನ್ನೊಬ್ಬ ಮಾಲಿನೊಳಗೆ ಇಳಿಸುವ ಅದುರುವ ಕೊಳವೆ, ನೀಡಲ್, ಹಿಡಿಯಬೇಕು, ಅಷ್ಟು ಜನ ಎಲ್ಲಿ? ಈಗ ನೀಡಲ್ ಇಳಿಸಿದ ಕಡೆಯೆಲ್ಲ ಗಟ್ಟಿ ಮಾಲು ತಾನಾಗಿ ಕರಗಿದಂತೆ ಇಳಿದು ಕಂಬಿಯ ಸಂದಿಗೆ ಸೇರುತ್ತಿತ್ತು. ಇದನ್ನು ನಾನು ಅದೇ ಮೊದಲು ಕಣ್ಣಾರೆ ನೋಡಿದ್ದು. ತುಂಬ ಹೊತ್ತು ನೋಡುತ್ತಾ ನಿಂತೆ. ಪೈಪ್ ಹತ್ತಿರ ಮತ್ತೆ ಹೋದಾಗ ಬಕೆಟ್ ಜಾಗಕ್ಕೆ ಬಂದಿತ್ತು.

ಕೆಲಸ ಮುಗಿಯುವ ಹೊತ್ತಿಗೆ ಲೈಟ್ ಹಾಕಿದ್ದರು. ಮಾಲೀಕರು ಗ್ಯಾಂಗಿಗೆ ಚಿಕನ್ ಬಿರಿಯಾನಿ ತರಿಸಿದ್ದರು. ಹಾಕಿದ ಕಾಂಕ್ರೀಟ್ ಬೇಗ ಒಣಗದೆ ಬಲ ಪಡೆಯಲಿ ಅಂತ ಮರುದಿನ ಸ್ಲ್ಯಾಬಿನ ಮೇಲೆ ಗಾರೆಯ ಬದು ಕಟ್ಟಿ ನೀರು ನಿಲ್ಲಿಸಿದೆವು. "ನಿನ್ನೆ ನೀರು ಬ್ಯಾಡ ಅಂದ್ರಿ, ಇವತ್ತು ಕೆರಿ ಮಾಡ್ರಿ ಅಂತೀರಿ" ಅಂತ ಬಾಂಡ್ಲಿ ಹೊರುವ ಅಕ್ಕ ಒಬ್ಬರು ನಕ್ಕರು. ನಾವು ಬಳಸಿದ್ದು ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್. ಅದಕ್ಕೆ ಹತ್ತು ದಿನವಾದರೂ ನೀರು ಬೇಕು.

ಮೋಲ್ಡ್ ದಿನ ಅದೇ ಮಾಲಿನಿಂದ ಪರೀಕ್ಷೆಗೆ ಅಂತ ತುಂಬಿಟ್ಟಿದ್ದ ಕ್ಯೂಬ್‌ಗಳನ್ನು 28 ದಿನಕ್ಕೆ ಒಡೆಸಿದೆವು. 15 ಸೆಂಟಿಮೀಟರ್ ಘನದ ಕ್ಯೂಬ್ ಎಂ20 ಆಗಿ ಪಾಸಾಗಬೇಕಂದರೆ 450 ಕಿಲೋನ್ಯೂಟನ್, ಅಂದರೆ ಸುಮಾರು 45 ಟನ್ ಭಾರ ತಡೆಯಬೇಕು. ಸ್ಲ್ಯಾಬಿನ ಕ್ಯೂಬ್‌ಗಳು ದಾಟಿದವು. ಪಾರ್ಕಿಂಗ್ ನೆಲಕ್ಕೆ ಹೋದ ಮಾಲಿನಿಂದ ನಾನು ಸುಮ್ನೆ ತುಂಬಿಟ್ಟ ಒಂದು ಕ್ಯೂಬ್ ದಾಟಲಿಲ್ಲ.

ಎರಡನೇ ಮಹಡಿಗೆ ರೇಟ್ ಮಾತಾಡುವಾಗ ಇಂಜಿನಿಯರ್ ನನ್ನನ್ನೂ ಕೂರಿಸಿಕೊಂಡರು. ಮೇಸ್ತ್ರಿ ಹಳೆಯ ರೇಟಿನ ಮೇಲೆ ಇನ್ನಷ್ಟು ಕೇಳಿದರು, ಇಂಜಿನಿಯರ್ ತಲೆ ಆಡಿಸಿದರು, ಚಹಾ ಬಂತು. ಕೊನೆಗೆ ಮೇಸ್ತ್ರಿ ನನ್ನ ಕಡೆ ಕೈ ತೋರಿಸಿ, "ಮೇಡಮ್ಮಾರು ಕೆಳಗ ನಿಂತಿರ್ತಾರಂದ್ರ ವೈಬ್ರೇಟರ್ ಮಂದಿ ಕೂಲಿ ಬ್ಯಾರೆ ಬರಕೊಳ್ರಿ" ಅಂದರು. ಅದನ್ನು ಬರೆದವಳು ನಾನೇ, ಇಬ್ಬರ ದಿನಗೂಲಿ, ಬೇರೆ ಸಾಲಿನಲ್ಲಿ.