ಅವಸರ ಯಾಕ್ರಿ ಅವ್ವಾರ?

2024 ಆಗಸ್ಟ್ 18, ಭಾನುವಾರ
ಬಾಗಲಕೋಟೆ

ನಾಳೆ ನೂಲ ಹುಣ್ಣಿಮೆ. ರಜೆ ಹಾಕಿದವರೇ ಜಾಸ್ತಿ. ಲೇಬರ್ ರೂಮಿಗೆ ಇವತ್ತು ನಾವಿಬ್ಬರೇ ಸಿಸ್ಟರ್, ಬೇನೆ ತಿನ್ನುತ್ತಿದ್ದವರು ಐವರು.

ಮೂಲೆಯ ಬೆಡ್ಡಿನವಳಿಗೆ ಚೊಚ್ಚಲು, ತವರಿಗೆ ಬಂದವಳು. ಬೆಳಿಗ್ಗೆ ನೋಡಿದಾಗ ಗರ್ಭದ ಬಾಯಿ 4 ಸೆಂ.ಮೀ. ತೆರೆದಿತ್ತು. ಮಧ್ಯಾಹ್ನವೂ ಅಷ್ಟೇ. ಅವರವ್ವ ಬಾಗಿಲಿಗೇ ಬಂದು ನಿಂತರು. "ಬ್ಯಾನಿ ಬಾಳ ಹೊತ್ತಾತ್ರಿ ಸಿಸ್ಟರ್, ಆಪರೇಷನ್ ಮಾಡಿಬಿಡ್ರಲಾ!" ಕೂಸಿನ ಎದೆಬಡಿತ 140ರ ಆಸುಪಾಸು, ತಾಯಿಯ ಬಿಪಿ ಸರಿಯಾಗಿದೆ. "ಅವಸರ ಯಾಕ್ರಿ ಅವ್ವಾರ? ನೀವಽ ಒಳಗ ಬರ್ರಿ, ಮಗಳ ಸೊಂಟ ತಿಕ್ಕ್ರಿ" ಅಂದೆ.

ಈ ಅವಸರ ಅವರೊಬ್ಬರದೇ ಅಲ್ಲ, ನಾವು ಓದಿದ ಪಾರ್ಟೋಗ್ರಾಫ್‌ನಲ್ಲೂ, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತು ಹಾಕುವ ಹಾಳೆಯಲ್ಲೂ ಇತ್ತು. 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಈಗಿನ ಜಿಂಬಾಬ್ವೆಯಲ್ಲಿ ಕುಳಿತು ಎಳೆದ ಓರೆ ಗೆರೆ ಅದರಲ್ಲಿತ್ತು. ಗಂಟೆಗೆ 1 ಸೆಂ.ಮೀ. ತೆರೆಯಬೇಕು, ಹಿಂದೆ ಬಿದ್ದರೆ ಎಚ್ಚರ. ದೂರದ ಊರಿನ ಸೂಲಗಿತ್ತಿಯರು ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸಲಿ ಅಂತ ಮಾಡಿದ್ದು, ಅದರಿಂದ ಜೀವಗಳೂ ಉಳಿದವು. ಆದರೆ ಎಲ್ಲ ಬಸುರಿಯರೂ ಗೆರೆ ಹಿಡಿದು ಹೆರುತ್ತಾರಾ? 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಜೋರು ಬೇನೆಯ ಲೆಕ್ಕ 5 ಸೆಂ.ಮೀ.ನಿಂದ ಶುರು ಅಂದಿತು. 2020ರ ಅದರ ಹೊಸ ಹಾಳೆಯಲ್ಲಿ ಆ ಓರೆ ಗೆರೆಯೇ ಇಲ್ಲ. 5 ಸೆಂ.ಮೀ.ನಲ್ಲೇ 6 ಗಂಟೆ ನಿಂತರೆ ಎಚ್ಚರ, 9 ಸೆಂ.ಮೀ.ನಲ್ಲಾದರೆ 2 ಗಂಟೆಗೇ.

ನನಗೆ ಹಿಡಿಸಿದ್ದು ಆ ಹಾಳೆಯ ಮೇಲಿನ ಸಾಲುಗಳು. ಜೊತೆಗೆ ಯಾರಾದರೂ ಇದ್ದಾರಾ? ಕುಡಿಯಲು ಏನಾದರೂ ಕೊಟ್ಟಿರಾ? ಮಲಗಿದ್ದಾಳಾ, ಓಡಾಡುತ್ತಿದ್ದಾಳಾ? ಇದನ್ನೂ ಬರೆಯಬೇಕು. ನಮ್ಮ ಹುಡುಗಿ ಅವ್ವ ಬಂದ ಮೇಲೆ ಅರ್ಧ ಲೋಟ ಚಹಾ ಕುಡಿದಳು. ಕಿಟಕಿಯ ಸರಳು ಹಿಡಿದು ನಿಂತು ಬೇನೆ ತಿಂದಳು. ಸಂಜೆ 6 ಸೆಂ.ಮೀ. ಆಗಿತ್ತು.

ಈ ಹಾಳೆಯನ್ನು ನಮ್ಮ ದೇಶದ 4 ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದ್ದಾರೆ, ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನವರೂ ಅದರಲ್ಲಿದ್ದರು. ಫಲಿತಾಂಶ ಈ ವರ್ಷದ ಆರಂಭದಲ್ಲಿ ಬಂತು. ದಿನ ತುಂಬಿ ತಾನಾಗೇ ಬೇನೆ ಬಂದ ಚೊಚ್ಚಲಗಿತ್ತಿಯರಲ್ಲಿ ಸಿಜೇರಿಯನ್ ಶೇ. 45.2, ಹೊಸ ಹಾಳೆ ಬಂದ ಮೇಲೆ ಶೇ. 39.7. ಸಣ್ಣ ಪರೀಕ್ಷೆ, ಇಳಿಕೆ ಹಾಳೆಯಿಂದಲೇ ಆಯಿತು ಅನ್ನುವಷ್ಟು ಗಟ್ಟಿ ಲೆಕ್ಕವಲ್ಲ. ಆದರೂ ಅರ್ಧದ ಹತ್ತಿರ ಚೊಚ್ಚಲುಗಳಿಗೆ ಕತ್ತರಿ ಬೀಳುತ್ತಿದೆ ಅಂದರೆ ಯೋಚಿಸಬೇಕಲ್ವಾ?

ತೊಡಕು ಬೇರೆ ಕಡೆ ಇದೆ. ಜೋರು ಬೇನೆಯಲ್ಲಿ ಅರ್ಧ ಗಂಟೆಗೊಮ್ಮೆ ಕೂಸಿನ ಎದೆಬಡಿತ ಕೇಳಬೇಕು, ಮುಕ್ಕಲು ಶುರುವಾದರೆ 5 ನಿಮಿಷಕ್ಕೊಮ್ಮೆ. ಐವರಿಗೆ ಇಬ್ಬರು ಇದ್ದರೆ ಹೇಗೆ? ಅದಕ್ಕೇ ಎಷ್ಟೋ ಕಡೆ ಹೆರಿಗೆಯಾದ ಮೇಲೆ ಕುಳಿತು ಹಾಳೆ ತುಂಬುತ್ತಾರೆ. ಆಗ ಗೆರೆ ಎಷ್ಟು ನೆಟ್ಟಗೆ ಬರುತ್ತದೆ ಅಂತೀರಿ!

ಮಂಗಳವಾರ ಮೀಟಿಂಗಿದೆ. ಹೊಸ ಹಾಳೆ ಕೇಳುವವಳಿದ್ದೇನೆ. ಅದರ ಜೊತೆ ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರನ್ನೂ.