ಮೊದಲ ಮಳೆಯ ಮಣ್ಣಿನ ವಾಸನೆ: ಭರಣಿಯಿಂದ ಮೃಗಶಿರದವರೆಗೆ ಆದ ಕೆಲಸ

ಭರಣಿ ಮಳೆ

ಈ ರಜೆಗೆ ಹಿಡಿದ ಕೆಲಸ ಎರಡು. ಮಳೆ ಬಿದ್ದ ಕೂಡಲೇ ಮಣ್ಣಿನಿಂದ ಏಳುವ ಆ ವಾಸನೆಯನ್ನು ಮಾಡುವ ಜೀವಿಯನ್ನು ತಟ್ಟೆಯಲ್ಲಿ ಬೆಳೆಸುವುದು ಒಂದು. ಬೀಟ್‌ರೂಟಿಗೂ ಅದೇ ವಾಸನೆ ಇದೆಯಲ್ವಾ, ಅದನ್ನು ಮಣ್ಣಿನಿಂದ ಪಡೆಯುತ್ತದೋ, ತಾನೇ ಮಾಡಿಕೊಳ್ಳುತ್ತದೋ ನೋಡುವುದು ಇನ್ನೊಂದು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಬೇಸಿಗೆಯಲ್ಲಿ ಲ್ಯಾಬ್ ಖಾಲಿ ಇರುತ್ತದೆ, ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.

ವಾಸನೆಯ ವಸ್ತುವಿನ ಹೆಸರು ಜಿಯೋಸ್ಮಿನ್. 1965ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಗರ್ಬರ್ ಮತ್ತು ಹ್ಯೂಬರ್ಟ್ ಲೆಷವಲಿಯೆ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಟಿಬಿಗೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದೂ ಅಲ್ಲೇ. ಎರಡನ್ನೂ ಮಾಡುವುದು ಸ್ಟ್ರೆಪ್ಟೊಮೈಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ ಕುಲ. ಒಂದು ಲೀಟರ್ ನೀರಿನಲ್ಲಿ 10 ನ್ಯಾನೋಗ್ರಾಂ ಜಿಯೋಸ್ಮಿನ್ ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಇಲ್ಲದೆ ನಾನು ಈ ಕೆಲಸಕ್ಕೆ ಕೈ ಹಾಕಿದ್ದು ಆ ಧೈರ್ಯದ ಮೇಲೆ.

ಮಣ್ಣು ತಂದಿದ್ದು ತೆಂಗಿನ ತೋಟದ್ದು. ಮೇಲಿನ ಕಸ ಸರಿಸಿ, ನಾಲ್ಕು ಬೆರಳು ಕೆಳಗಿನದ್ದನ್ನು ತೆಗೆದೆ. ಹಸಿ ಮಣ್ಣನ್ನು ಹಾಗೇ ತಟ್ಟೆಗೆ ಹಾಕಿದರೆ ಬೇಗ ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳು ಜಾಗವೆಲ್ಲ ನುಂಗಿಬಿಡುತ್ತವೆ. ಸ್ಟ್ರೆಪ್ಟೊಮೈಸಿಸ್ ಬೀಜಕಗಳು ಒಣಗಿದರೂ ಸಾಯುವುದಿಲ್ಲ. ಅದಕ್ಕೇ ಮಣ್ಣನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ ಒಂದು ವಾರ ಮುಚ್ಚಿಟ್ಟೆ. ಅದು ಇವಕ್ಕೆ ಒಗ್ಗುತ್ತದೆ, ಉಳಿದವಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಬೋರ್ಡಿನ ಚಾಕ್‌ಪೀಸ್ ಪುಡಿ ಆಗುತ್ತದಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಈಗಿನ ಚಾಕ್‌ಪೀಸ್ ಜಾಸ್ತಿ ಜಿಪ್ಸಮ್, ಅಂದರೆ ಸಲ್ಫೇಟು, ಆಗುವುದಿಲ್ಲ. ಮೊಟ್ಟೆ ಸಿಪ್ಪೆ ತೊಳೆದು ಒಣಗಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಆಯಿತು, ಅದು ಹೆಚ್ಚುಕಡಿಮೆ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟೇ.

ಕೃತ್ತಿಕಾ ಮಳೆ

ತಟ್ಟೆಗೆ ಸುರಿಯುವ ಆಹಾರ ಪಿಷ್ಟ, ಸ್ವಲ್ಪ ಕೇಸೀನ್, ಚಿಟಿಕೆ ಚಿಟಿಕೆ ಲವಣಗಳು. ಗಟ್ಟಿಯಾಗಲು ಅಗರ್ ಬೇಕು. ಅಂಗಡಿಯ ಚೈನಾ ಗ್ರಾಸ್ ಕೂಡ ಅಗರ್ರೇ, ಪ್ರಮಾಣ ತುಸು ಜಾಸ್ತಿ ಹಾಕಬೇಕಾಯಿತು. ಕ್ರಿಮಿಶುದ್ಧಿಗೆ ಪ್ರೆಶರ್ ಕುಕ್ಕರ್. ಅನ್ನಕ್ಕೆ ಎಣಿಸುವ ಹಾಗೆ ಸೀಟಿ ಎಣಿಸಿದರೆ ಸಾಲದು. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷಕ್ಕಿಂತ ಕಡಿಮೆ ಮಾಡಬೇಡಿ.

ಮೊದಲು ಕಂಡವು ನುಣುಪಾದ, ಹೊಳೆಯುವ ಚುಕ್ಕೆಗಳು. ಅವು ಬೇರೆಯವರು. ನಮ್ಮವರು ನಿಧಾನ. ಸಾಸಿವೆ ಕಾಳಿನಷ್ಟು ದೊಡ್ಡ ಚುಕ್ಕೆ, ಮೊದಲು ತೊಗಲಿನ ಹಾಗೆ ಬಿಗಿ, ಬಣ್ಣ ಮಾಸಲು. ಸೂಜಿಯಿಂದ ಕೆರೆದರೆ ಬರುವುದೇ ಇಲ್ಲ, ಕೆಳಗೆ ಅಗರ್ ಒಳಕ್ಕೆ ಎಳೆ ಬಿಟ್ಟಿರುತ್ತದೆ. ಜೋರು ಮಾಡಿದರೆ ಅಗರ್ ತುಂಡೇ ಕಿತ್ತು ಬರುತ್ತದೆ. ಆಮೇಲೆ ಮೇಲ್ಭಾಗಕ್ಕೆ ಬಿಳಿ ಪುಡಿ ಹತ್ತುತ್ತದೆ, ದಿನ ಕಳೆದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಒಂದು ಚುಕ್ಕೆಯ ಮೇಲೆ ಜೇನಿನ ಬಣ್ಣದ ಸಣ್ಣ ಹನಿಗಳು ನಿಂತಿದ್ದವು. ಲೆನ್ಸ್ ಹಿಡಿದರೆ ಹನಿಯೊಳಗೆ ಕಿಟಕಿಯೇ ತಲೆಕೆಳಗಾಗಿ ಕಾಣುತ್ತಿತ್ತು!

ವಾಸನೆಯ ವಿಷಯದಲ್ಲಿ ನನಗೆ ಖುಷಿ ಕೊಟ್ಟಿದ್ದು ಇದು. ತೊಗಲಿನ ಹಂತದಲ್ಲಿ ತಟ್ಟೆಗೆ ವಾಸನೆ ಇಲ್ಲ ಅನ್ನಬಹುದು. ಬಿಳಿ ಪುಡಿ ಬಂದಾಗ ಮುಚ್ಚಳ ಸ್ವಲ್ಪ ಎತ್ತಿ ಕೈಯಲ್ಲಿ ಬೀಸಿಕೊಂಡರೆ, ಮಳೆ! ಆ ಪುಡಿಯೇ ಬೀಜಕಗಳು. 2020ರಲ್ಲಿ ಸ್ವೀಡನ್, ಇಂಗ್ಲೆಂಡಿನ ಸಂಶೋಧಕರು ತೋರಿಸಿದ್ದೂ ಇದನ್ನೇ: ಬೀಜಕ ಕಟ್ಟಲು ಅಪ್ಪಣೆ ಕೊಡುವ ಪ್ರೋಟೀನುಗಳೇ ಜಿಯೋಸ್ಮಿನ್ ಜೀನನ್ನೂ ಚಾಲೂ ಮಾಡುತ್ತವೆ. ಆ ವಾಸನೆಗೆ ಮಣ್ಣಿನಲ್ಲಿರುವ ಸ್ಪ್ರಿಂಗ್‌ಟೇಲ್ ಎಂಬ, ನೆಗೆಯುವ ಪುಟ್ಟ ಹುಳಗಳು ಬರುತ್ತವೆ, ಬ್ಯಾಕ್ಟೀರಿಯಾ ತಿನ್ನುತ್ತವೆ, ಮೈಗೆ ಅಂಟಿದ ಬೀಜಕಗಳನ್ನು ಬೇರೆಡೆ ಒಯ್ಯುತ್ತವೆ. ನಮಗೆ ಹಿತವಾದ ವಾಸನೆ ಅಸಲಿಗೆ ಹುಳಗಳಿಗೆ ಕಳಿಸಿದ ಕರೆಯೋಲೆ ಅಂದ ಹಾಗಾಯಿತು.

ಒಂದು ಎಚ್ಚರಿಕೆ. ಗೊತ್ತಿಲ್ಲದ ಬೆಳವಣಿಗೆಗೆ ಮೂಗು ಹಚ್ಚಬೇಡಿ. ಬೂಷ್ಟು ಬಂದ ತಟ್ಟೆ ತೆರೆಯಲೇಬೇಡಿ, ಟೇಪ್ ಸಮೇತ ಕುಕ್ಕರಿಗೆ ಹಾಕಿ ಆಮೇಲೆ ಬಿಸಾಡಿ.

ಓದಿದ್ದು, ಮಧ್ಯೆ

ತಟ್ಟೆ ಬೆಳೆಯುವ ತನಕ ಕೂತು ಓದಿದ್ದು ಬ್ರೌನ್ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಡೇವಿಡ್ ಕೇನ್ ಅವರ ಕೆಲಸ. 2003ರಲ್ಲಿ ಇಂಗ್ಲೆಂಡಿನವರು ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಜಾತಿಯ ಒಂದು ಜೀನ್ ಕೆಡಿಸಿದಾಗ ಜಿಯೋಸ್ಮಿನ್ ನಿಂತುಹೋಗಿತ್ತು. ಆ ಜೀನಿನ ಪ್ರೋಟೀನನ್ನು ಕೇನ್ ಗುಂಪು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಕೊಳವೆಯಲ್ಲಿ ಫಾರ್ನಿಸೈಲ್ ಡೈಫಾಸ್ಫೇಟ್ (15 ಕಾರ್ಬನ್ನಿನ ಸರಪಳಿ ಇರುವ ಕಚ್ಚಾವಸ್ತು) ಮತ್ತು ಮೆಗ್ನೀಸಿಯಂ ಜೊತೆ ಬಿಟ್ಟಿತು. ಜಿಯೋಸ್ಮಿನ್ ಬಂತು. ಒಂದೇ ಪ್ರೋಟೀನ್ ಸಾಕಾಯಿತು. 2007ರಲ್ಲಿ ಅದರ ಎರಡು ಅರ್ಧಗಳನ್ನು ಬೇರೆ ಮಾಡಿ ನೋಡಿದರು. ಮೊದಲ ಅರ್ಧ ಆ 15 ಕಾರ್ಬನ್ನಿನ ಸರಪಳಿಯನ್ನು ಉಂಗುರ ಮಾಡಿ ಜರ್ಮಾಕ್ರಡೈಯನಾಲ್ ಎಂಬ ನಡುವಿನ ವಸ್ತು ಕಟ್ಟುತ್ತದೆ. ಅದು ಅಲ್ಲಿಂದ ಬಿಡುಗಡೆಯಾಗಿ ಎರಡನೇ ಅರ್ಧಕ್ಕೆ ಹೋಗುತ್ತದೆ, ಅಲ್ಲಿ ಜಿಯೋಸ್ಮಿನ್ ಆಗುತ್ತದೆ.

ಕಾರ್ಬನ್ ಎಣಿಸಿದರೆ ಮಜಾ. ಹೊರಟಿದ್ದು 15, ಜಿಯೋಸ್ಮಿನ್‌ನಲ್ಲಿ ಇರುವುದು 12. ಉಳಿದ 3? ಅಸಿಟೋನ್ ಆಗಿ ಹೊರಬೀಳುತ್ತವೆ. ನೇಲ್ ಪಾಲಿಶ್ ಒರೆಸುವ ಅದೇ ಅಸಿಟೋನ್. ಮಕ್ಕಳಿಗೆ ಆರ್ಗ್ಯಾನಿಕ್ ಹೇಳುವಾಗ ಇನ್ನು ಮೇಲೆ ಇದೇ ಉದಾಹರಣೆ.

ಗಿಡಗಳಲ್ಲೂ ಇದೇ ಫಾರ್ನಿಸೈಲ್ ಡೈಫಾಸ್ಫೇಟ್ ಇದೆ. ಶ್ರೀಗಂಧದ ಮರದ ಎಂಜೈಮ್ ಅದನ್ನು ಬೇರೆ ರೀತಿ ಮಡಚಿ ಸ್ಯಾಂಟಲೀನ್ ಮಾಡುತ್ತದೆ, ಅದಕ್ಕೆ ಆಕ್ಸಿಜನ್ ಸೇರಿದರೆ ಸ್ಯಾಂಟಲಾಲ್, ಅಂದರೆ ನಮ್ಮ ಗಂಧದೆಣ್ಣೆಯ ಜೀವಾಳ. ಒಂದೇ ಅಕ್ಕಿ ಹಿಟ್ಟು ಒಬ್ಬರ ಕೈಯಲ್ಲಿ ರೊಟ್ಟಿ, ಇನ್ನೊಬ್ಬರ ಕೈಯಲ್ಲಿ ಕಡುಬು ಆಗುವ ಹಾಗೆ. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ಸ್ವಾರಸ್ಯ ಇಲ್ಲಿದೆ. ಕಚ್ಚಾವಸ್ತು ಹೊಸದೇನಲ್ಲ, ಸರಪಳಿ ಎಲ್ಲಿ ಬಾಗಬೇಕು ಅನ್ನುವುದನ್ನು ಎಂಜೈಮಿನ ಒಳಗಿನ ಗುಳಿಯ ಆಕಾರ ನಿರ್ಧರಿಸುತ್ತದೆ.

ರೋಹಿಣಿ ಮಳೆ

ಈಗ ಬೀಟ್‌ರೂಟ್. ಬೀಟ್‌ರೂಟಿನ ವಾಸನೆಯೂ ಜಿಯೋಸ್ಮಿನ್ನೇ, ಒಳಗಿನ ತಿರುಳಿಗಿಂತ ಸಿಪ್ಪೆಯಲ್ಲಿ ಜಾಸ್ತಿ. ಮಣ್ಣಿನ ಬ್ಯಾಕ್ಟೀರಿಯಾ ಮಾಡಿದ್ದನ್ನು ಗಡ್ಡೆ ಹೀರಿಕೊಳ್ಳುತ್ತದೆ ಎಂದು ಬಹಳ ಕಾಲ ಅಂದುಕೊಂಡಿದ್ದರು. 2003ರಲ್ಲಿ ಅಮೆರಿಕದಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದ ಹಾಗೆ ಸಸಿ ಬೆಳೆಸಿ ಅಳೆದಾಗ ಅವುಗಳಲ್ಲೂ ಜಿಯೋಸ್ಮಿನ್ ಸಿಕ್ಕಿತು. ವಿಸ್ಕಾನ್ಸಿನ್‌ನಲ್ಲಿ ಇರ್ವಿನ್ ಗೋಲ್ಡ್‌ಮನ್ ಅವರು ತಳಿ ಆಯ್ಕೆಯಿಂದ ಈ ವಾಸನೆಯನ್ನು ಏರಿಸಬಹುದು, ಇಳಿಸಬಹುದು ಎಂದು ತೋರಿಸಿದ್ದಾರೆ.

ನಾನು ಬೀಜಗಳನ್ನು ಬ್ಲೀಚಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಲ್ಲಿ ಜಾಲಾಡಿಸಿ, ಮುಚ್ಚಿದ ಬಾಟಲಿಯಲ್ಲಿ ಬರೀ ಅಗರ್ ಮೇಲೆ ಮೊಳಕೆ ಬರಿಸಿದೆ. ಹೋಲಿಕೆಗೆ ಪಾಲಕ್ ಸಸಿಗಳು. ಎರಡನ್ನೂ ಬೇರೆ ಬೇರೆ ಅರೆದು, ಬಟ್ಟಲಿಗೆ ಗುರುತು ಹಾಕದೆ ಅಮ್ಮನ ಮುಂದಿಟ್ಟೆ. ಒಂದನ್ನು ಮೂಸಿ "ಇದು ಸೊಪ್ಪು" ಅಂದರು. ಇನ್ನೊಂದನ್ನು ಮೂಸಿ "ಇದೂ ಸೊಪ್ಪೇ ಕಣೋ, ಸ್ವಲ್ಪ ಹಸಿ ಮಣ್ಣು ಇದೆ" ಅಂದರು. ಆ ಎರಡನೆಯದು ಬೀಟ್‌ರೂಟ್. ಸಹೋದ್ಯೋಗಿಯ ಮೂಗಿಗೆ ಎರಡೂ ಒಂದೇ. ಇದನ್ನು ಫಲಿತಾಂಶ ಅಂತ ಕರೆಯಲು ನಾನು ತಯಾರಿಲ್ಲ. ಬೇರು ದಪ್ಪಗಾಗುವ ತನಕ ಕಾದು, ಇನ್ನಷ್ಟು ಮೂಗುಗಳನ್ನು ಸೇರಿಸಿ ಮತ್ತೆ ನೋಡಬೇಕು.

ಹುಳಿಯ ಪ್ರಯೋಗ ಮಾತ್ರ ಚೆನ್ನಾಗಿ ಬಂತು. ಆಮ್ಲ ಸಿಕ್ಕರೆ ಜಿಯೋಸ್ಮಿನ್ ಒಂದು ನೀರಿನ ಅಣು ಕಳೆದುಕೊಂಡು ವಾಸನೆಯಿಲ್ಲದ ಆರ್ಗೋಸ್ಮಿನ್ ಆಗುತ್ತದೆ. ತುರಿದ ಸಿಪ್ಪೆಗೆ ನಿಂಬೆರಸ ಹಿಂಡಿ ಇಟ್ಟೆ, ಇನ್ನೊಂದಕ್ಕೆ ಬರೀ ನೀರು. ನಿಂಬೆಯ ಘಮವೇ ಮಣ್ಣಿನ ವಾಸನೆಯನ್ನು ಮುಚ್ಚಿಬಿಡಬಹುದಲ್ವಾ? ಅದಕ್ಕೇ ಮೂರನೆಯದಕ್ಕೆ ಹಿಂಡುವಾಗಲೇ ಅಡುಗೆ ಸೋಡಾ ಸೇರಿಸಿ ಹುಳಿ ಮುರಿದಿದ್ದೆ. ಸಂಜೆಗೆ ನೋಡಿದರೆ ಹುಳಿ ಇದ್ದದ್ದರಲ್ಲಿ ಮಣ್ಣು ಹೆಚ್ಚುಕಡಿಮೆ ಇಲ್ಲ. ಸೋಡಾ ಬೆರೆಸಿದ್ದರಲ್ಲಿ ನಿಂಬೆಯೂ ಇತ್ತು, ಮಣ್ಣೂ ಇತ್ತು. ಕೆರೆ ಮೀನಿನ ಕೆಸರು ವಾಸನೆಗೆ ಕಾರಣವೂ ಬಹುಪಾಲು ಇದೇ ಜಿಯೋಸ್ಮಿನ್, ಅಲ್ಲಿ ಅದನ್ನು ಮಾಡುವುದು ನೀರಿನ ಸಯನೋಬ್ಯಾಕ್ಟೀರಿಯಾ. ಮೀನನ್ನು ಹುಣಸೆಹುಳಿ ಹಾಕಿ ತೊಳೆಯುವವರು ಯಾರಿಂದಲೂ ಕೆಮಿಸ್ಟ್ರಿ ಕಲಿಯಬೇಕಾಗಿಲ್ಲ.

ಮೃಗಶಿರ, ಶುರು

ಕಾಲೇಜು ಶುರುವಾಗಿದೆ, ಸಮಯ ಕಡಿಮೆ. ವಾಸನೆ ಚೆನ್ನಾಗಿರುವ ಚುಕ್ಕೆಗಳನ್ನು ಓರೆ ಅಗರ್ ಕೊಳವೆಗಳಿಗೆ ವರ್ಗಾಯಿಸಿ ಫ್ರಿಜ್ಜಿಗೆ ಹಾಕಿದ್ದೇನೆ. ಇನ್ನೊಂದು ಚುಕ್ಕೆ ಅಗರ್‌ಗೆ ಕೆಂಪು ಬಣ್ಣ ಬಿಡುತ್ತಿದೆ, ಅಮೋನಿಯಾ ಹಬೆ ತಾಗಿಸಿದರೆ ನೀಲಿಗೆ ತಿರುಗುತ್ತದೆ. ಸೀಲಿಕಲರ್ ಮಾಡುವ ಆಕ್ಟಿನೊರೋಡಿನ್ ಎಂಬ ಬಣ್ಣದ ವಸ್ತು ಹಾಗೇ ವರ್ತಿಸುತ್ತದೆ, ಆದರೆ ಬಣ್ಣ ನೋಡಿ ಜಾತಿ ಹೇಳಲಾಗದು, ಡಿಎನ್‌ಎ ಓದಿಸಬೇಕು.

ಗೊಬ್ಬರದ ಕುಂಡದಲ್ಲಿ ಸ್ಪ್ರಿಂಗ್‌ಟೇಲುಗಳು ಬೇಕಾದಷ್ಟಿವೆ. ಮುಚ್ಚಿದ ಡಬ್ಬಿಯ ಒಂದು ಮೂಲೆಗೆ ಬೀಜಕ ಕಟ್ಟಿದ ಅಗರ್ ತುಂಡು, ಎದುರು ಮೂಲೆಗೆ ಖಾಲಿ ಅಗರ್ ಇಟ್ಟು ಬಿಟ್ಟಿದ್ದೇನೆ. ನಿನ್ನೆ ನೋಡಿದಾಗ ಬೀಜಕದ ಕಡೆ ಗುಂಪು ಜಾಸ್ತಿ ಇತ್ತು. ಆದರೆ ಆ ಮೂಲೆ ಕತ್ತಲೆ ಕಡೆಗೂ ಇತ್ತು. ಇವತ್ತು ಡಬ್ಬಿ ತಿರುಗಿಸಿ ಇಟ್ಟಿದ್ದೇನೆ.